ಮೊದಲು ಕೀ ಕಟ್ಟುವ ಜಾಗ ಒಂದೇ ಮಾಡಿ

ಮೂವರು ಸೇರಿ ಪಿಎಚ್‌ಪಿ ಬರೆಯುತ್ತೀರಿ, ಒಬ್ಬೊಬ್ಬರದು ಒಂದೊಂದು ಶೈಲಿ, ಸೈಟು ನಿಧಾನ. ಮೊದಲು ಪಿಎಸ್‌ಆರ್-12 (ಪಿಎಚ್‌ಪಿ ಕೋಡ್ ಬರೆಯುವ ಶೈಲಿಯ ನಿಯಮಗಳು) ಪಾಲಿಸಬೇಕೋ, ರೆಡಿಸ್ (ಮತ್ತೆ ಮತ್ತೆ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ಕ್ಯಾಶ್) ಹಾಕಬೇಕೋ ಅಂತ ಕೇಳಿದ್ದೀರಿ. 2021ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ನಾವೂ ಮೂವರೇ ಇದ್ದೆವು.

ಗಂಜ್‌ನ (ನಮ್ಮ ಕೃಷಿ ಮಾರುಕಟ್ಟೆಯ) ಒಂದು ಅಡತಿ ಅಂಗಡಿಗೆ ತೊಗರಿ ದರ ತೋರಿಸುವ ಪುಟ ಮಾಡಿಕೊಡುವ ಕೆಲಸ. ನಮ್ಮ ಕಡೆ ಡಿಸೆಂಬರ್, ಜನವರಿ ಅಂದರೆ ತೊಗರಿ ರಾಶಿ. ಎಲ್ಲರೂ ಮೊಬೈಲಿನಲ್ಲಿ ದರ ನೋಡುತ್ತಾರೆ. ಡೇಟಾಬೇಸ್ ತಡೆಯಲಿಲ್ಲ ಅಂತ ದಿನದ ದರದ ಆಬ್ಜೆಕ್ಟನ್ನು 24 ತಾಸಿನ ಅವಧಿ ಹಾಕಿ ರೆಡಿಸ್‌ನಲ್ಲಿ ಇಟ್ಟೆವು. ಬೆಳಿಗ್ಗೆ ಯಾರಾದರೂ ಪುಟ ತೆರೆದರೆ ಹಿಂದಿನ ದಿನದ ದರ ಬಂದು ಇವತ್ತಿನ ಕೀಯಲ್ಲಿ ಕೂರುತ್ತಿತ್ತು; ಕೀ ಅಂದರೆ ರೆಡಿಸ್‌ನಲ್ಲಿ ಮಾಹಿತಿ ಇಡುವ, ಹುಡುಕುವ ಹೆಸರು. ಮಧ್ಯಾಹ್ನ ಅಂಗಡಿಯವರು ಹೊಸ ದರ ಹಾಕಿದಾಗ ಆ ಕೀ ಅಳಿಸಬೇಕು, ಅಷ್ಟೇ. ಡಿಸೆಂಬರ್ 14ಕ್ಕೆ ಪರೀಕ್ಷೆ ಮಾಡಿದೆವು, ಸರಿ ಇತ್ತು. 31ರ ತನಕ ಒಂದು ದೂರೂ ಇಲ್ಲ.

ಜನವರಿ 4ಕ್ಕೆ ಸಾವ್ಕಾರರ ಫೋನು: “ತಮ್ಮಾ, ಬರೇ ನಿನ್ನಿ ದರಾನೇ ತೋರಿಸ್ಲತದಲ್ಲೋ ಇದು.” ಕ್ಯಾಶ್ ಪೂರ್ತಿ ಖಾಲಿ ಮಾಡಿದೆ, ಹೊಸ ದರ ಬಂತು. ಮರುದಿನ ಮತ್ತೆ ನಿನ್ನೆಯದೇ. ಕೋಡ್ ಗಲೀಜಾಗಿದೆ, ಅದಕ್ಕೇ ತಪ್ಪು ಕಾಣುತ್ತಿಲ್ಲ ಅಂತ ಎರಡು ದಿನ ಕೂತು ಕೋಡಿನ ಶೈಲಿ ತಾನೇ ತಿದ್ದುವ ಪಿಎಚ್‌ಪಿ-ಸಿಎಸ್-ಫಿಕ್ಸರ್ ಓಡಿಸಿ, ಎಲ್ಲವನ್ನೂ ಪಿಎಸ್‌ಆರ್-12ಕ್ಕೆ ತಂದೆ. ಸಾಲುಗಳು ನೆಟ್ಟಗಾದವು. ದರ ಮಾತ್ರ ನಿನ್ನೆಯದೇ.

ತಪ್ಪು ಇದ್ದದ್ದು ಇಲ್ಲಿ. ದರ ಓದುವ ಕೋಡ್ ನನ್ನದು, ಅಳಿಸುವ ಕೋಡ್ ಗೆಳೆಯನದು. ಕೀಯಲ್ಲಿ ದಿನಾಂಕ ಸೇರಿಸಲು ನಾನು ಬರೆದದ್ದು ‘ವೈ-ಎನ್-ಜೆ’ (Y-n-j), ಅವನು ಬರೆದದ್ದು ‘ವೈ-ಎಂ-ಡಿ’ (Y-m-d). ಪಿಎಚ್‌ಪಿಯಲ್ಲಿ ಎನ್ ಮತ್ತು ಜೆ ತಿಂಗಳು, ದಿನದ ಒಂಟಿ ಅಂಕಿಗೆ ಮೊದಲು ಸೊನ್ನೆ ಹಾಕುವುದಿಲ್ಲ; ಎಂ ಮತ್ತು ಡಿ ಹಾಕುತ್ತವೆ. ಡಿಸೆಂಬರ್ 14 ಎರಡರಲ್ಲೂ 2021-12-14. ತಿಂಗಳೂ ಎರಡಂಕಿ, ದಿನವೂ ಎರಡಂಕಿ. ಜನವರಿ 4 ಬಂದಾಗ ನಾನು ಓದುತ್ತಿದ್ದದ್ದು 2022-1-4, ಅವನು ಅಳಿಸುತ್ತಿದ್ದದ್ದು 2022-01-04. ರೆಡಿಸ್‌ಗೆ ಇವು ಎರಡು ಬೇರೆ ಕೀಗಳು, ಮತ್ತು ಇಲ್ಲದ ಕೀ ಅಳಿಸು ಅಂದರೆ ಅದು ತಪ್ಪು ಅನ್ನುವುದಿಲ್ಲ, ಸೊನ್ನೆ ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ನಾವು ಓದಲೇ ಇಲ್ಲ. ನಾವು ಕಂಡುಹಿಡಿಯದಿದ್ದರೆ ಅಕ್ಟೋಬರ್ 9ರ ತನಕ ಹೀಗೇ ನಡೆದು, ಆಮೇಲೆ ತಾನೇ ಸರಿಯಾದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಜೇವರ್ಗಿ ಕಡೆಯ ರೈತರೊಬ್ಬರು ನಮ್ಮ ಪುಟ ನೋಡಿ ಊರಲ್ಲೇ 18 ಕ್ವಿಂಟಲ್ ಮಾರಿಬಿಟ್ಟಿದ್ದರು. ಆವತ್ತು ಗಂಜ್‌ನಲ್ಲಿ ದರ ಕ್ವಿಂಟಲ್‌ಗೆ 200 ರೂಪಾಯಿ ಹೆಚ್ಚಿತ್ತು. 3,600 ರೂಪಾಯಿ. “ನಿಮ್ಮದ ನೋಡೇ ಕೊಟ್ಟೀನ್ರೀ” ಅಂದರು, ಅಷ್ಟೇ, ಬೈಯಲಿಲ್ಲ. ಅಂಗಡಿಯವರು ಕೆಲಸ ನಿಲ್ಲಿಸಿದರು. ನನಗೆ ಇವತ್ತಿಗೂ ನೆನಪಿರುವುದು ಆ ರೈತರ ದನಿ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಿಎಸ್‌ಆರ್-12 ಆವರಣ ಎಲ್ಲಿ ತೆರೆಯಬೇಕು, ಇಂಡೆಂಟ್‌ಗೆ ನಾಲ್ಕು ಸ್ಪೇಸ್ ಬಿಡಬೇಕು ಅನ್ನುತ್ತದೆ. ಉದ್ಧರಣ ಚಿಹ್ನೆಯೊಳಗೆ ನೀವು ಏನು ಬರೆದಿರಿ ಅಂತ ನೋಡುವುದಿಲ್ಲ. ಕ್ಯಾಶ್‌ಗೆಂದೇ ಇರುವ ಪಿಎಸ್‌ಆರ್-6, ಪಿಎಸ್‌ಆರ್-16 ಕೀಯಲ್ಲಿ ಯಾವ ಅಕ್ಷರ ಬರಬಾರದು ಅಂತ ಹೇಳುತ್ತವೆ, ಆದರೆ ಇಬ್ಬರು ಒಂದೇ ಕೀ ಬರೆದಿದ್ದೀರಾ ಅಂತ ಅವೂ ಕೇಳುವುದಿಲ್ಲ. ನಿಮ್ಮ ಮೂವರ ಮೊದಲ ನಿಯಮ ಇದಾಗಲಿ: ಕೀ ಕಟ್ಟುವುದು ಒಂದೇ ಫಂಕ್ಷನ್, ಬೇರೆ ಎಲ್ಲೂ ಯಾರೂ ಕೈಯಿಂದ ಕೀ ಬರೆಯುವಂತಿಲ್ಲ. ಓದುವುದೂ ಅಳಿಸುವುದೂ ಅದನ್ನೇ ಕರೆಯಲಿ. ಪರೀಕ್ಷೆ ಮಾಡುವಾಗ ತಾರೀಖು ಜನವರಿ 4 ಅಂತ ಕೊಟ್ಟು ನೋಡಿ. ರೆಡಿಸೋ, ಅದರಂಥದ್ದೇ ಇನ್ನೊಂದು ಕ್ಯಾಶ್ ಆದ ಮೆಮ್‌ಕ್ಯಾಶ್ಡೋ, ನಿಮ್ಮ ಗಾತ್ರಕ್ಕೆ ಯಾವುದಾದರೂ ನಡೆಯುತ್ತದೆ.

ಆಮೇಲೆ ಪಿಎಸ್‌ಆರ್ ಶುದ್ಧಿ ಮಾಡುವಾಗ ಒಂದು ಎಚ್ಚರ. ಕ್ಲಾಸ್ ಹೆಸರು ಬದಲಿಸಿದರೆ, ಕ್ಯಾಶ್‌ನಲ್ಲಿ ಸೀರಿಯಲೈಸ್ ಆಗಿ (ಇಡಲು ಬರುವಂತೆ ಅಕ್ಷರಗಳ ಸಾಲಾಗಿ) ಕೂತ ಹಳೆಯ ಆಬ್ಜೆಕ್ಟ್‌ಗಳಿಗೆ ಆ ಹೆಸರಿನ ಕ್ಲಾಸೇ ಸಿಗದೆ, ಅವು ಅಪೂರ್ಣ ಕ್ಲಾಸ್ ಆಗಿ ವಾಪಸ್ ಬರುತ್ತವೆ. ಕೀ ಕಟ್ಟುವ ಫಂಕ್ಷನ್‌ನಲ್ಲಿ ಕೀಯ ಶುರುವಿಗೆ ಆವೃತ್ತಿ ಗುರುತಾಗಿ ‘ವಿ1’ ಅಂತ ಹಾಕಿಟ್ಟಿರಿ, ಹೆಸರು ಬದಲಿಸುವ ದಿನ ಅದನ್ನು ‘ವಿ2’ ಮಾಡಿ. ಹಳೆಯವು ಅವಧಿ ಮುಗಿದು ತಾವೇ ಹೋಗುತ್ತವೆ.