ಆ 0-4 ಎಲ್ಲಿ ಹೋಯ್ತು?

ನಮಸ್ಕಾರ.

ನೀವು ಕಳಿಸಿದ 'ಸಾವಿರ ಪಂದ್ಯಗಳ ಸರದಾರ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುವುದಿಲ್ಲ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ವಿಷಯ ಚೆನ್ನಾಗಿ ಆರಿಸಿದ್ದೀರಿ. ಇಂಗ್ಲೆಂಡಿನ ಫುಟ್‌ಬಾಲ್ ಬಗ್ಗೆ ನನಗೆ ಬರುವ ಲೇಖನಗಳೆಲ್ಲ ಮೇಲಿನ 20 ಕ್ಲಬ್‌ಗಳ ಸುತ್ತಲೇ ಗಿರಕಿ ಹೊಡೆಯುತ್ತವೆ. ಅದರ ಕೆಳಗೆ ಇನ್ನೂ ಮೂರು ಮೆಟ್ಟಿಲಿವೆ, ಒಂದೊಂದರಲ್ಲಿ 24 ಕ್ಲಬ್, ಅಲ್ಲೂ ಸಂಬಳಕ್ಕೆ ಆಡುವವರಿದ್ದಾರೆ ಅನ್ನುವುದು ಯಾರಿಗೂ ನೆನಪಿಲ್ಲ. ನೀವು ಸ್ಟೀವ್ ಕ್ಲಾರಿಡ್ಜ್‌ನನ್ನು ಹಿಡಿದಿರಿ. ನಾಲ್ಕೂ ಮೆಟ್ಟಿಲಲ್ಲಿ ಆಡಿದವನು, ಕಾಲುಚೀಲ ಪಾದದ ಗಂಟಿನವರೆಗೆ ಜಾರಿದ್ದರೂ ಎಳೆದುಕೊಳ್ಳದೆ ಓಡುತ್ತಿದ್ದವನು. ಒಳ್ಳೆಯ ಆಯ್ಕೆ.

ಆದರೆ ನಿಮ್ಮ ಮೊದಲ ಸಾಲು ನೋಡಿ: 'ಕಾಲ್ಚೆಂಡಾಟದ ದಿಗಂತದಲ್ಲಿ ಧ್ರುವತಾರೆಯಂತೆ ಪ್ರಜ್ವಲಿಸಿದ ಅಪ್ರತಿಮ ಕ್ರೀಡಾಪಟು.' ಧ್ರುವತಾರೆ ಇದ್ದಲ್ಲೇ ಇರುತ್ತದೆ ಸ್ವಾಮಿ. ಇವನು ಇದ್ದಲ್ಲಿ ಇದ್ದವನೇ ಅಲ್ಲ.

ಲೇಖನದ ಅರ್ಧ ಭಾಗ 1996ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಅವನು ಹೊಡೆದ ಗೋಲಿಗೇ ಹೋಗಿದೆ. ಅವನ ಲೆಸ್ಟರ್ ಎದುರು ಕ್ರಿಸ್ಟಲ್ ಪ್ಯಾಲೇಸ್, ಗೆದ್ದವರಿಗೆ ಮೇಲಿನ ಮೆಟ್ಟಿಲಾದ ಪ್ರೀಮಿಯರ್ ಲೀಗ್, 120ನೇ ನಿಮಿಷ, ಅಂದರೆ ಹೆಚ್ಚುವರಿ ಆಟದ ಕೊನೆಯ ಗಳಿಗೆ. ನೀವು ಬರೆಯುತ್ತೀರಿ: 'ಆ ಕ್ಷಣ ಅವನ ಮನಸ್ಸಿನಲ್ಲಿ ತಾಯಿಯ ಮುಖ ಮೂಡಿತು.' ನಿಮಗೆ ಹೇಗೆ ಗೊತ್ತಾಯ್ತು? ಮನಸ್ಸಿನ ವಿಷಯ ಬಿಡಿ, ಮೈದಾನದಲ್ಲಿ ನಡೆದದ್ದೇ ಸಾಕಷ್ಟಿದೆ. ಪೆನಾಲ್ಟಿ ಶೂಟೌಟ್ ಖಾತ್ರಿ ಅಂದುಕೊಂಡು ಲೆಸ್ಟರ್ ಮ್ಯಾನೇಜರ್ ಮಾರ್ಟಿನ್ ಒ'ನೀಲ್ ಎತ್ತರದ ಗೋಲ್‌ಕೀಪರ್ ಕಲಾಚ್‌ನನ್ನು ಆಗಷ್ಟೇ ಒಳಗೆ ಕಳಿಸಿದ್ದರು. ಅವನಿಗೆ ಕೆಲಸವೇ ಬರಲಿಲ್ಲ. ಕ್ಲಾರಿಡ್ಜ್ ಒದ್ದ ಚೆಂಡು ಸರಿಯಾಗಿ ಪಾದಕ್ಕೆ ಸಿಗದೆ ಮೊಣಕಾಲ ಕೆಳಗಿನ ಮೂಳೆಗೆ ಬಡಿದು ಬಲೆಯ ಮೂಲೆ ಸೇರಿತು. ಇನ್ನೊಂದು ಮಾತು, ಇದನ್ನು ನೀವು ಪೂರ್ತಿ ಬಿಟ್ಟಿದ್ದೀರಿ: 1988ರಲ್ಲಿ ಕೆಲವು ತಿಂಗಳು ಆತ ಇದೇ ಪ್ಯಾಲೇಸ್ ಕ್ಲಬ್ಬಿನಲ್ಲಿದ್ದ. ಒಂದು ಲೀಗ್ ಪಂದ್ಯವನ್ನೂ ಆಡಿಸದೆ ಆಲ್ಡರ್‌ಶಾಟ್‌ಗೆ ಸಾಗಹಾಕಿದ್ದರು. ತಾಯಿಯ ಮುಖಕ್ಕಿಂತ ಇದು ಜಾಸ್ತಿ ಅಲ್ವಾ?

ಒಂದು ತಪ್ಪು ತಿದ್ದಿಕೊಳ್ಳಿ. ಆ ವರ್ಷ 12 ಲಕ್ಷ ಪೌಂಡ್‌ಗೆ ಲೆಸ್ಟರ್ ಸೇರಿ 'ರಾತ್ರೋರಾತ್ರಿ ಕೋಟ್ಯಧೀಶನಾದ' ಎಂದಿದ್ದೀರಿ. ಆ ದುಡ್ಡು ಹೋದದ್ದು ಅವನನ್ನು ಮಾರಿದ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿಗೆ. ಎತ್ತು ಮಾರಿದ ದುಡ್ಡು ಎತ್ತಿಗೆ ಸಿಗುತ್ತದೆಯೇ?

ನಾನು ಎದ್ದು ಕೂತದ್ದು ಕೇಂಬ್ರಿಡ್ಜ್ ಯುನೈಟೆಡ್ ಭಾಗದಲ್ಲಿ. ಮ್ಯಾನೇಜರ್ ಜಾನ್ ಬೆಕ್ ಪಂದ್ಯಕ್ಕೆ ಮೊದಲು ಆಟಗಾರರ ಮೇಲೆ ಬಕೆಟ್‌ನಲ್ಲಿ ತಣ್ಣೀರು ಸುರಿಸುತ್ತಿದ್ದದ್ದು, ಉದ್ದ ಒದ್ದ ಚೆಂಡು ಗೆರೆ ದಾಟದೆ ನಿಲ್ಲಲಿ ಅಂತ ಮೈದಾನದ ಮೂಲೆಗಳಲ್ಲಿ ಹುಲ್ಲು ಕತ್ತರಿಸದೆ ಬಿಡಿಸುತ್ತಿದ್ದದ್ದು. ಅಲ್ಲಿ ನಿಮ್ಮ ಭಾಷೆಯೂ ತಾನಾಗಿ ಸರಿಹೋಗಿದೆ. 'ಪ್ರಜ್ವಲಿಸಿದ' ಮಾಯ, 'ನಡುಗುತ್ತಾ ಹೊರಗೆ ಬಂದರು' ಬಂದಿದೆ. ನೋಡಿದ ಹಾಗೆ ಬರೆದಿದ್ದೀರಿ. ಇಡೀ ಲೇಖನ ಈ ದನಿಯಲ್ಲಿ ಬರಲಿ.

ಈಗ ನನ್ನ ದೊಡ್ಡ ತಕರಾರು. ಒಂದು ಕಡೆ 'ನಂತರ ಹಲವು ಕ್ಲಬ್‌ಗಳಲ್ಲಿ ಆಡಿದರು' ಅಂತ ಬರೆದು ಮುಂದಕ್ಕೆ ಜಿಗಿದಿದ್ದೀರಿ. ನಿಮ್ಮ ಲೇಖನ ಇರುವುದೇ ಆ ಸಾಲಿನೊಳಗೆ! 2004ರ ಕೊನೆಯಿಂದ 2006ರೊಳಗೆ ಬ್ರೈಟನ್, ಬ್ರೆಂಟ್‌ಫರ್ಡ್, ವೈಕಂಬ್, ಜಿಲಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್, ವಾಲ್ಸಾಲ್. ಆರು ಕ್ಲಬ್. ಮ್ಯಾಪ್ ತೆಗೆದು ಗುರುತು ಹಾಕಿ. ಬ್ರೈಟನ್ ದಕ್ಷಿಣದ ಕಡಲಂಚು, ಬ್ರ್ಯಾಡ್‌ಫರ್ಡ್ ಉತ್ತರದ ಗಿರಣಿ ಊರು. ವಯಸ್ಸು ನಲವತ್ತರ ಹತ್ತಿರ. ಪ್ರತಿ ಸಲ ಹೊಸ ಡ್ರೆಸ್ಸಿಂಗ್ ರೂಮ್, ಅರ್ಧ ವಯಸ್ಸಿನ ಹುಡುಗರು. ನಡುವೆ 2005ರಲ್ಲಿ ಮಿಲ್‌ವಾಲ್ ಮ್ಯಾನೇಜರ್ ಆಗಿದ್ದು 36 ದಿನ. ಸೀಸನ್ನಿನ ಮೊದಲ ಪಂದ್ಯಕ್ಕೂ ಮುಂಚೆ ಕೆಲಸ ಹೋಯ್ತು. ನೀವು ಇದಕ್ಕೆಲ್ಲ ಕೊಟ್ಟದ್ದು ನಾಲ್ಕು ಪದ.

ಹೆಸರಿನ ಮಾತು. 'ಸಂಚಾರಿ ವೃತ್ತಿಪರ ಕ್ರೀಡಾಪಟು' ಎಂದು ಬರೆದಿದ್ದೀರಿ. ಓದಿದರೆ ಸಂಚಾರಿ ಪೊಲೀಸ್ ನೆನಪಾಗುತ್ತಾರೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಪದ ಇದೆ: ತಿರುಗಾಟ. ಯಕ್ಷಗಾನದವರು ಒಂದು ತಿರುಗಾಟ ಮುಗಿಸಿ ಮೇ ಕೊನೆಗೆ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತಾರೆ. ಮುಂದಿನ ಸಲ ಅದೇ ಮೇಳವೋ ಬೇರೆಯದೋ, ಅದು ಮಳೆಗಾಲದಲ್ಲಿ ತೀರ್ಮಾನ. ಇಂಗ್ಲೆಂಡಿನಲ್ಲೂ ಅದೇ ಮೇ ತಿಂಗಳಲ್ಲಿ ಯಾರನ್ನು ಉಳಿಸಿಕೊಂಡೆವು, ಯಾರನ್ನು ಬಿಟ್ಟೆವು ಅಂತ ಕ್ಲಬ್ಬುಗಳು ಪಟ್ಟಿ ಹೊರಡಿಸುತ್ತವೆ. ಜೂನ್ 30ಕ್ಕೆ ಒಪ್ಪಂದ ಮುಗಿಯುತ್ತದೆ. ಆಮೇಲೆ ಫೋನ್ ಬರುತ್ತದಾ ಅಂತ ಕಾಯುವುದು. 'ತಿರುಗಾಟದ ಆಟಗಾರ' ಅಂದುಬಿಡಿ, ಓದುಗರಿಗೆ ತಟ್ಟನೆ ಹತ್ತುತ್ತದೆ. (ನಾಲ್ಕು ಪತ್ರಿಕೆ ಬದಲಿಸಿದ ನನಗಂತೂ ಹತ್ತಿತು.) ಆದರೆ ಹೋಲಿಕೆಯನ್ನು ಎರಡು ಸಾಲಿಗಿಂತ ಹೆಚ್ಚು ಎಳೆಯಬೇಡಿ. ಇದು ಇಂಗ್ಲೆಂಡಿನ ಕಥೆ, ಅಲ್ಲೇ ಇರಲಿ.

ಕೊನೆಗೆ, ಸಾವಿರನೇ ಪಂದ್ಯ. ನೀವು ಬರೆದದ್ದು: '2006ರ ಡಿಸೆಂಬರಿನಲ್ಲಿ ಬೋರ್ನ್‌ಮತ್ ಪರ ಆಡಿ ಸಾವಿರದ ಮೈಲಿಗಲ್ಲು ನೆಟ್ಟರು.' ಪೂರ್ಣವಿರಾಮ, ಚಪ್ಪಾಳೆ. ಪಂದ್ಯ ಏನಾಯ್ತು? ನಿಮಗೆ ಗೊತ್ತಿದೆ, ಹುಡುಕಿದವರಿಗೆ ಸಿಗದ ವಿಷಯವಲ್ಲ. ಪೋರ್ಟ್ ವೇಲ್ ಎದುರು ತಮ್ಮದೇ ಮೈದಾನದಲ್ಲಿ 0-4. ಅದನ್ನು ಬಚ್ಚಿಟ್ಟಿದ್ದೀರಿ. ಯಾಕೆ? ಹೀರೋ ಸೋಲಬಾರದು ಅಂತಲೇ?

ಬೋರ್ನ್‌ಮತ್ ಅವನು 1984ರಲ್ಲಿ, ಹದಿನೆಂಟರ ಹುಡುಗನಾಗಿ ಸೇರಿದ್ದ ಕ್ಲಬ್. ಬೆರಳೆಣಿಕೆಯ ಪಂದ್ಯ ಆಡಿಸಿ ಬಿಟ್ಟಿತು. ಅಲ್ಲಿಂದ ಲೀಗ್ ಪಟ್ಟಿಯಲ್ಲೇ ಇಲ್ಲದ ವೇಮತ್‌ಗೆ ಇಳಿದಿದ್ದ. ಇಪ್ಪತ್ತೆರಡು ವರ್ಷ ಬಿಟ್ಟು, 999ರಲ್ಲಿ ನಿಂತಿದ್ದವನನ್ನು ಅದೇ ಕ್ಲಬ್ ವಾಪಸ್ ಕರೆಯಿತು. ಅಲ್ಲಿ ಆಡಿದ್ದು ಆ ಒಂದೇ ಪಂದ್ಯ. ನಾಲ್ಕು ಗೋಲು ತಿಂದು ಬಂದರು. ಇದನ್ನು ಬಿಟ್ಟು ಧ್ರುವತಾರೆ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು ಮಾರಾಯರೇ?

ನನ್ನ ಕೇಳಿದರೆ ಅಲ್ಲಿಂದಲೇ ಶುರು ಮಾಡಿ. ವೆಂಬ್ಲಿ ನಡುವೆ ಎಲ್ಲೋ ಬರಲಿ, ಅರ್ಧ ಪುಟ ಸಾಕು. ಆರು ಕ್ಲಬ್‌ಗಳಿಗೆ ಜಾಗ ಕೊಡಿ. 1,800 ಪದ ಕಳಿಸಿದ್ದೀರಿ, 1,200ಕ್ಕೆ ಇಳಿಸಿ. ಶೀರ್ಷಿಕೆಯಲ್ಲಿ 'ಸರದಾರ' ಬೇಡ. ಸುಮ್ನೆ '0-4' ಅಂತಿಟ್ಟರೂ ನಾನು ಹಾಕುತ್ತೇನೆ.

ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡೋಣ. ಮತ್ತೆ, ಬ್ರೆಂಟ್‌ಫರ್ಡ್ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದೀರಿ. ಒಂದಕ್ಕೆ ತನ್ನಿ.

ಇತಿ,
ಸಂಪಾದಕ