ಆಡಿಯೋ ಕಂಪನಿಯ ಅಗ್ರಿಮೆಂಟ್: ಸಹಿ ಹಾಕೋ ಮುಂಚೆ ಇಷ್ಟು ನೋಡಿ

ಮೇಡಂ, ನಿಮ್ಮ ಪೋಸ್ಟ್ ಓದಿದೆ. ಮಗಳು ಹಾಡಿದ ಎಂಟು ಹಾಡು: ದಾಸರ ಪದ ನಾಲ್ಕು, ಬೇಂದ್ರೆ ಎರಡು, ಬಿ.ಎಂ.ಶ್ರೀ ಒಂದು, ನೀವೇ ಬರೆದು ರಾಗ ಹಾಕಿದ್ದು ಒಂದು. ಸ್ಟುಡಿಯೋ, ವಾದ್ಯದವರು, ಮಿಕ್ಸಿಂಗ್ ಎಲ್ಲದರ ಖರ್ಚೂ ನಿಮ್ಮದು. ಈಗ ಒಂದು ಕಂಪನಿ ಒಂದೇ ಸಲ ಇಪ್ಪತ್ತು ಸಾವಿರ ಕೊಟ್ಟು ‘ನಾವೇ ರಿಲೀಸ್ ಮಾಡ್ತೀವಿ’ ಅಂತ ಆರು ಪುಟ ಕಳಿಸಿದೆ. ಮೇಲೆ ಕೆಲವರು ‘ಹೆಸರು ಬರುತ್ತಲ್ಲ, ಹಾಕಿಬಿಡಿ’ ಅಂದಿದ್ದಾರೆ. ನಾನು ಬೇಡ ಅಂತೀನಿ. ಈಗಿರೋ ರೂಪದಲ್ಲಂತೂ ಖಂಡಿತ ಬೇಡ.

ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಒಡೆತನ ಶುರುವಾಗೋದು ಅದರ ನಿರ್ಮಾಪಕರಿಂದ. ನಿರ್ಮಾಪಕರು ಅಂದ್ರೆ ಮುಂದೆ ನಿಂತು ಮಾಡಿಸಿ ಹೊಣೆ ಹೊತ್ತವರು. ಇಲ್ಲಿ ಅದು ನೀವು. ಮಾಸ್ಟರ್, ಅಂದ್ರೆ ಮಿಕ್ಸಿಂಗ್ ಮುಗಿದ ಮೂಲ ಧ್ವನಿಮುದ್ರಣ, ಈ ಹೊತ್ತಿಗೆ ನಿಮ್ಮ ಆಸ್ತಿ, ಬಿಡುಗಡೆಯಾದ ಮೇಲೆ 60 ವರ್ಷ ಹಕ್ಕು ನಡೆಯುತ್ತೆ. ಅದಕ್ಕೇ ಸ್ಟುಡಿಯೋ ಬಿಲ್ ನಿಮ್ಮ ಹೆಸರಲ್ಲೇ ಇರಲಿ. ತಬಲಾ, ಕೀಬೋರ್ಡ್, ಕೊಳಲಿನವರಿಗೆ ಕವರ್‌ನಲ್ಲಿ ದುಡ್ಡು ಕೊಟ್ಟು ಕಳಿಸಿದ್ದರೆ, ಯಾವ ಹಾಡಿಗೆ ನುಡಿಸಿದರು, ಬಿಡುಗಡೆಗೆ ಒಪ್ಪಿಗೆ ಇದೆ ಅಂತ ಒಂದೊಂದು ಚೀಟಿ ಬರೆಸಿಕೊಳ್ಳಿ. ಇನ್ನೊಂದು ವಿಷಯ, ಹಾಡಿದವರ ಹಕ್ಕು ಅಂತ ಬೇರೆಯದೇ ಇದೆ, ಅದು ಮಗಳದು. ಅವಳಿಗೆ 18 ತುಂಬಿದ್ದರೆ ನಿಮ್ಮ ಸಹಿ ಅವಳ ಪರವಾಗಿ ನಡೆಯೋದಿಲ್ಲ.

ಸಿನಿಮಾ ಹಾಡಿನಲ್ಲಿ ಕಂಪನಿ ದುಡ್ಡು ಸುರಿದು ಆಡಿಯೋ ಹಕ್ಕು ಕೊಳ್ಳುತ್ತೆ, ಕೈ ಸುಟ್ಟುಕೊಳ್ಳೋ ಅಪಾಯವೂ ಅವರದೇ. ಭಾವಗೀತೆ, ದೇವರನಾಮದಲ್ಲಿ ಬಂಡವಾಳ ಹಾಡೋರದ್ದು, ಒಡೆತನ ಮಾತ್ರ ಕಂಪನಿಗೆ. ಈ ಪದ್ಧತಿ ಎಷ್ಟು ರೂಢಿಯಾಗಿದೆ ಅಂದ್ರೆ ಯಾರೂ ಪ್ರಶ್ನೆನೇ ಕೇಳಲ್ಲ.

ನಿಮ್ಮ ಅಗ್ರಿಮೆಂಟ್‌ನಲ್ಲಿರೋದು ‘ಅಸೈನ್‌ಮೆಂಟ್’. ಹೊಲ ಮಾರೋದಕ್ಕೂ ಗುತ್ತಿಗೆಗೆ ಕೊಡೋದಕ್ಕೂ ಇರೋ ವ್ಯತ್ಯಾಸವೇ ಅಸೈನ್‌ಮೆಂಟಿಗೂ ಲೈಸೆನ್ಸಿಗೂ. ಅವಧಿ ಬರೆಯದೇ ಬಿಟ್ಟರೆ ಕಾನೂನು ಅದನ್ನ 5 ವರ್ಷ ಅಂತ ಲೆಕ್ಕ ಹಾಕುತ್ತೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಂಡವರು 1 ವರ್ಷದೊಳಗೆ ಬಳಸದಿದ್ದರೆ ಹಕ್ಕು ಬಿದ್ದುಹೋಗುತ್ತೆ, ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಈ ಮೂರೂ ಕಂಪನಿ ವಕೀಲರಿಗೆ ಬಾಯಿಪಾಠ. ‘ಶಾಶ್ವತವಾಗಿ, ಇಡೀ ವಿಶ್ವದಲ್ಲಿ, ಬಿಡುಗಡೆ ಮಾಡದಿದ್ದರೂ’ ಅನ್ನೋ ಸಾಲು ಎರಡನೇ ಪುಟದಲ್ಲಿ ಬಂದಿರೋದು ಅಲಂಕಾರಕ್ಕಲ್ಲ.

ನಿಜವಾದ ಮುಳ್ಳು ಇರೋದು ನಾಲ್ಕನೇ ಪುಟದಲ್ಲಿ. ಯಾರಾದರೂ ಕೇಸು ಹಾಕಿದರೆ ನಷ್ಟ, ವಕೀಲರ ಫೀಸು ಎಲ್ಲಾ ‘ಕಲಾವಿದರೇ ಭರಿಸತಕ್ಕದ್ದು’ ಅಂತಿದೆ ನೋಡಿ. ಕೇಸು ಎಲ್ಲಿಂದ ಬರಬಹುದು ಅಂದ್ರೆ, ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, 2006ಕ್ಕೇ ಮುಗಿಯಿತು, ಧಾರಾಳವಾಗಿ ಹಾಡಿ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕು. ಡಿವಿಜಿ 2035, ಕುವೆಂಪು 2054. ಮುಂದೆ ಕಗ್ಗ ರೆಕಾರ್ಡ್ ಮಾಡ್ತೀನಿ ಅನ್ನೋರೂ ಇದನ್ನ ಗುರುತು ಹಾಕಿಕೊಳ್ಳಿ.

ದಾಸರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ, ಆದರೆ ಧಾಟಿ? ಹಳೇ ಕ್ಯಾಸೆಟ್ಟಿನ ಧಾಟಿಯಲ್ಲೇ ಹಾಡಿದ್ದೀವಿ ಅಂತ ನೀವೇ ಬರೆದಿದ್ದೀರಿ. ಸ್ವರ ಸಂಯೋಜನೆಗೂ ಅದೇ 60 ವರ್ಷದ ಲೆಕ್ಕ. ಸಿ. ಅಶ್ವಥ್ ತೀರಿಕೊಂಡಿದ್ದು 2009ರಲ್ಲಿ, ಅವರ ಸಂಯೋಜನೆ 2069ರವರೆಗೆ ರಕ್ಷಿತ. ಕವರ್ ಹಾಡಿಗೆ, ಅಂದ್ರೆ ಈಗಾಗಲೇ ಬಂದ ಹಾಡನ್ನ ಮತ್ತೆ ಹಾಡಿ ರೆಕಾರ್ಡ್ ಮಾಡೋದಕ್ಕೆ, ಕಾನೂನಿನಲ್ಲೇ ಒಂದು ದಾರಿ ಇದೆ ನಿಜ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಗಡ ಕಟ್ಟಬೇಕು, ನಮ್ಮಂಥವರಿಗೆ ಆಗೋ ಮಾತಲ್ಲ. ಸಂಯೋಜಕರ ಮನೆಯವರನ್ನ ನೇರವಾಗಿ ಕೇಳಿ, ಇಲ್ಲಾ ಬೇರೆ ಧಾಟಿ ಹಾಕಿ. ‘ಅದೆಲ್ಲ ನಾವು ನೋಡ್ಕೋತೀವಿ’ ಅಂತ ಕಂಪನಿಯವರು ಫೋನಿನಲ್ಲಿ ಹೇಳಿದ್ದಾರಂತಲ್ಲ, ಹಾಗಾದ್ರೆ ಅದನ್ನೇ ನಾಲ್ಕನೇ ಪುಟದಲ್ಲಿ ಬರೆದುಕೊಡಲಿ.

ಇನ್ನು ನಿಮ್ಮ ಸ್ವಂತ ಹಾಡು. 1977ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಸಂಭಾವನೆ ತಗೊಂಡು ಸಿನಿಮಾಕ್ಕೆ ಹಾಡು ಮಾಡಿಕೊಟ್ಟವರ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. 2012ರ ತಿದ್ದುಪಡಿ ಅದನ್ನ ಬದಲಿಸಿತು. ಹಿಂದಿ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಮಾತಾಡಿದ್ದು ಹಲವರಿಗೆ ನೆನಪಿರಬಹುದು. ಈಗ ಸಾಹಿತ್ಯ, ಸಂಗೀತ ಬರೆದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯೋ ಹಕ್ಕನ್ನ ಕಂಪನಿಗೆ ಬರೆದುಕೊಡೋಕೇ ಬರಲ್ಲ. ಸಿನಿಮಾ ಅಲ್ಲದ ಹಾಡಿಗೂ ಇದು ಅನ್ವಯ. ಐದನೇ ಪುಟದ ‘ಎಲ್ಲಾ ರಾಯಲ್ಟಿ ಬಿಟ್ಟುಕೊಟ್ಟಿದ್ದೇನೆ’ ಅನ್ನೋ ಸಾಲು ಈ ಹಾಡಿನ ಮಟ್ಟಿಗೆ ನಿಲ್ಲೋದಿಲ್ಲ, ಆದರೂ ತೆಗೆಸಿ. ಹಕ್ಕು ಇದ್ದರೆ ದುಡ್ಡು ತಾನಾಗಿ ಮನೆಗೆ ಬರೋದಿಲ್ಲ: ಸಾಹಿತ್ಯ, ಸಂಗೀತ ಬರೆದವರ ರಾಯಲ್ಟಿ ವಸೂಲಿ ಮಾಡಿ ಹಂಚೋ ಐಪಿಆರ್‌ಎಸ್‌ಗೆ ಸದಸ್ಯರಾಗಿ ಹಾಡನ್ನ ನೋಂದಾಯಿಸಬೇಕು. 1969ರ ಸಂಸ್ಥೆ ಅದು, 2017ರಲ್ಲಿ ಮತ್ತೆ ನೋಂದಣಿಯಾಯಿತು. ಹಾಡೋರಿಗೆ ಬೇರೆ ಸಂಘ ಇದೆ, ಮೊದಲು ಇಸ್ರಾ ಅಂತಿತ್ತು, ಈಗ ವಾದ್ಯದವರನ್ನೂ ಸೇರಿಸಿಕೊಂಡು ಇಸಾಮ್ರಾ.

ಯೂಟ್ಯೂಬ್ ವಿಷಯ ಬಹಳ ಜನ ಮರೆಯುತ್ತಾರೆ. ಮಾಸ್ಟರ್ ಕೊಟ್ಟ ಮೇಲೆ ಕಂಪನಿ ಅದನ್ನ ಕಂಟೆಂಟ್ ಐಡಿಗೆ, ಅಂದ್ರೆ ಒಂದೇ ಹಾಡು ಬೇರೆ ಕಡೆ ಬಂದರೆ ತಾನೇ ಗುರುತಿಸೋ ಯೂಟ್ಯೂಬ್ ವ್ಯವಸ್ಥೆಗೆ, ಹಾಕುತ್ತೆ. ಆಮೇಲೆ ಮಗಳು ತನ್ನದೇ ಚಾನೆಲ್‌ನಲ್ಲಿ ತನ್ನದೇ ಹಾಡು ಹಾಕಿದರೆ ಅದು ಕಂಪನಿಯದು ಅಂತ ಕ್ಲೇಮ್ ಬೀಳುತ್ತೆ, ಜಾಹೀರಾತಿನ ದುಡ್ಡು ಕಂಪನಿಗೆ. ಆದ್ದರಿಂದ ಅವಳ ಚಾನೆಲ್ಲಿಗೆ ವಿನಾಯಿತಿ ಅಂತ ಬರೆಸಲೇಬೇಕು.

ಕಂಪನಿ ಇಲ್ಲದೆ ನೀವೇ ಬಿಡುಗಡೆ ಮಾಡಬಹುದಾ ಅಂತ ಕೇಳಿದ್ರಿ. ಮಾಡಬಹುದು. ದುಡ್ಡು ತಗೊಂಡು ಹಾಡನ್ನ ಸ್ಪಾಟಿಫೈನಂಥ ಕಡೆ ತಲುಪಿಸೋ ಆನ್‌ಲೈನ್ ಸೇವೆಗಳಿವೆ: ಡಿಸ್ಟ್ರೋಕಿಡ್ ವರ್ಷಕ್ಕಿಷ್ಟು ಅಂತ ಕಟ್ಟಿಸಿಕೊಳ್ಳುತ್ತೆ, ಸಿಡಿ ಬೇಬಿ ಆಲ್ಬಂಗೆ ಒಂದು ಸಲ ಕಟ್ಟಿಸಿಕೊಂಡು ಬಂದದ್ದರಲ್ಲಿ 9% ಹಿಡಿಯುತ್ತೆ. ಒಂದೊಂದು ಹಾಡಿನ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ರೆಕಾರ್ಡಿಂಗಿಗೂ ಕೊಡೋ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ನಾಳೆ ಬೇರೆಯವರ ಮೂಲಕ ಹಾಕುವಾಗ ಅದೇ ಸಂಖ್ಯೆ ಮುಂದುವರಿಸಬಹುದು. ದುಡ್ಡಿನ ಬಗ್ಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ: 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ಏನೂ ಸಿಗಲ್ಲ. ಕಂಪನಿಯ ಚಾನೆಲ್ಲಿಗೆ ಲಕ್ಷಗಟ್ಟಲೆ ಚಂದಾದಾರರು ಇರ್ತಾರೆ, ಆ ಅನುಕೂಲ ಸುಳ್ಳಲ್ಲ. ಹಾಗಂತ ಅದರ ಬೆಲೆ ಜೀವಮಾನದ ಒಡೆತನ ಆಗಬಾರದು ಅನ್ನೋದಷ್ಟೇ ನನ್ನ ವಾದ.

ನಾನಾಗಿದ್ದರೆ ಹೀಗೆ ಉತ್ತರ ಬರೀತಿದ್ದೆ: ಅಸೈನ್‌ಮೆಂಟ್ ಬೇಡ, 5 ವರ್ಷದ ಲೈಸೆನ್ಸ್ ಕೊಡ್ತೀವಿ, ಆಮೇಲೆ ಮಾಸ್ಟರ್ ವಾಪಸ್. ಆರು ತಿಂಗಳಲ್ಲಿ ಬಿಡುಗಡೆ ಆಗಬೇಕು. ಇಪ್ಪತ್ತು ಸಾವಿರ ಮುಂಗಡ ಅಂತಿರಲಿ, ಆಮೇಲೆ ಬಂದ ನಿವ್ವಳ ಆದಾಯದಲ್ಲಿ ಅರ್ಧ ನಮಗೆ. ‘ನಿವ್ವಳ’ ಅಂದ್ರೆ ಏನೇನು ಕಳೆದ ಮೇಲೆ ಅಂತ ಪಟ್ಟಿ ಮಾಡಿ. ಆರು ತಿಂಗಳಿಗೊಮ್ಮೆ ಲೆಕ್ಕ. ಮಗಳ ‘ಮುಂದಿನ ಎಲ್ಲಾ ಧ್ವನಿಮುದ್ರಣ’ ಅನ್ನೋ ಮೂರನೇ ಪುಟದ ಸಾಲಿಗೆ ಅಡ್ಡಗೆರೆ. ಕಾಪಿರೈಟ್ ನೋಡೋ ವಕೀಲರಿಗೆ ಒಂದು ಸಲದ ಫೀಸು ಕೊಟ್ಟು ಈ ಕಾಗದ ತೋರಿಸಿ, ನಾನು ವಕೀಲನಲ್ಲ. ಕಂಪನಿಯವರು ಏನು ಉತ್ತರ ಕಳಿಸಿದರು ಅಂತ ಇಲ್ಲೇ ಹಾಕಿ, ಹೆಸರು ಮುಚ್ಚಿ. ಬೇಂದ್ರೆಯವರ ಎರಡು ಹಾಡಿಗೆ ಒಪ್ಪಿಗೆ ಬರೋವರೆಗೆ ಉಳಿದ ಹಾಡುಗಳನ್ನ ತಡೆಹಿಡಿಯಬೇಕಿಲ್ಲ, ದಾಸರ ಪದಗಳ ಧಾಟಿಯ ವಿಷಯ ಇತ್ಯರ್ಥ ಆಗಿರಬೇಕು ಅಷ್ಟೇ; ಬಿ.ಎಂ.ಶ್ರೀ ಹಾಡಿನ ಧಾಟಿ ಯಾರದ್ದು ಅಂತಲೂ ಮೊದಲು ತಿಳಿಸಿ.