ಕೋಳಿ ಮೊಟ್ಟೆ ಕಡಿಮೆ ಮಾಡಿದರೆ ರೋಗ ಬಂದಿದೆ ಅಂತಲೇ ತಿಳಿಯಬೇಕಾ?

ದಾವಣಗೆರೆಯ ನಿಮ್ಮ ಹಿತ್ತಲಲ್ಲಿ ನಾಲ್ಕು ನಾಟಿ, ಎರಡು ಗಿರಿರಾಜ ಅನ್ನುವ ಸುಧಾರಿತ ತಳಿಯ ಕೋಳಿ. ಹಾಕುವುದು ಹೆಚ್ಚಾಗಿ ಮೆಕ್ಕೆಜೋಳ. ಏಪ್ರಿಲ್‌ನಿಂದ ಮೊಟ್ಟೆ ಕಡಿಮೆಯಾಗಿದೆ, ಮಧ್ಯೆ ಒಂದೆರಡು ಚಿಪ್ಪೇ ಇಲ್ಲದೆ ಮೆತ್ತಗೆ ಬಂದಿವೆ. ರೋಗವೋ, ಟಾನಿಕ್ ಹಾಕಬೇಕೋ ಅಂತ ಕೇಳಿದ್ದೀರಿ. ನಾನಿರುವುದು ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ, ಮನೆಯಲ್ಲಿ ಯಾವಾಗಲೂ ಕೋಳಿ ಇದ್ದೇ ಇವೆ. ನಾನು ಮೊಟ್ಟೆಯ ಲೆಕ್ಕಕ್ಕಿಂತ ಚಿಪ್ಪನ್ನು ಜಾಸ್ತಿ ನಂಬುತ್ತೇನೆ. ಲೆಕ್ಕ ಇಳಿಯಲು ನೂರು ಕಾರಣ ಇರುತ್ತವೆ. ಚಿಪ್ಪು ಕೆಟ್ಟರೆ ಮಾತ್ರ ಏನೋ ಆಗಿದೆ ಅಂತ ಅರ್ಥ.

ಮೊದಲು ಕೋಳಿ ನಿಜವಾಗಿಯೂ ಮೊಟ್ಟೆ ಇಡುವುದನ್ನು ನಿಲ್ಲಿಸಿದೆಯಾ ನೋಡಿ. ಬಿಟ್ಟು ಮೇಯಿಸುವ ಕೋಳಿ ಹುಲ್ಲಿನ ಬಣವೆ, ಸೌದೆ ಒಟ್ಟಲು, ಪಕ್ಕದ ಮನೆಯ ಹಳೇ ಬುಟ್ಟಿ, ಎಲ್ಲಿ ಬೇಕಾದರೂ ಇಟ್ಟು ಬರುತ್ತದೆ. ಮುಂಗುಸಿ, ನಾಯಿ, ಕಾಗೆ ತಿಂದಿರಬಹುದು. ಕೋಳಿಗಳೇ ಒಡೆದು ತಿನ್ನುವುದೂ ಉಂಟು. ಅನುಮಾನ ಇದ್ದರೆ ಕೋಳಿ ಹಿಡಿದು ಅದರ ಹಿಂಭಾಗದಲ್ಲಿ ಮೊಟ್ಟೆ ಹೊರಬರುವ ದ್ವಾರದ ಕೆಳಗೆ ಬೆರಳಿಟ್ಟು ನೋಡಿ. ಎರಡು ತೆಳು ಎಲುಬಿನ ತುದಿ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿದರೆ ಅದು ಮೊಟ್ಟೆ ಇಡುತ್ತಿದೆ, ನೀವು ಹುಡುಕಬೇಕು ಅಷ್ಟೇ. ಒಂದೇ ಬೆರಳು ಹಿಡಿದರೆ ನಿಲ್ಲಿಸಿದೆ.

ನಿಲ್ಲಿಸಿದ್ದರೂ ಗಾಬರಿ ಬೇಡ. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವುದೇ ಅದರ ಸ್ವಭಾವ. ವರ್ಷಕ್ಕೆ 60-80 ಮೊಟ್ಟೆ ಬಂದರೆ ಅದು ಒಳ್ಳೆಯ ಕೋಳಿ. ಗಿರಿರಾಜ ಅದರ ಸುಮಾರು ಎರಡರಷ್ಟು ಕೊಡುತ್ತದೆ, ಹಾಗಾಗಿ ಆರಕ್ಕೂ ಒಂದೇ ಲೆಕ್ಕ ಹಾಕಬೇಡಿ. ಗೂಡಿನಲ್ಲಿ ಗರಿ ಕೆದರಿಕೊಂಡು ಕೂತು, ಹತ್ತಿರ ಹೋದರೆ ಗುರ್ರ್ ಅಂದರೆ ಕಾವು ಬಂದಿದೆ. ಮೈಪುಕ್ಕ ಉದುರಿಸಿ ಹೊಸದು ಬರುವ ಕಾಲದಲ್ಲೂ ಒಂದೆರಡು ತಿಂಗಳು ಮೊಟ್ಟೆ ಇರುವುದಿಲ್ಲ. ಚಳಿಗಾಲದಲ್ಲಿ ಬೆಳಕು ಕಡಿಮೆಯಾಗಿ ಕೋಳಿ ನಿಲ್ಲಿಸುತ್ತದೆ, ದೀಪ ಹಚ್ಚಿ ಅಂತ ಇಂಟರ್ನೆಟ್‌ನಲ್ಲಿ ಓದಿರಬಹುದು. ಅದು ಚಳಿ ದೇಶದ ಮಾತು. ನಮ್ಮಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ನಾಲ್ಕು ನಾಟಿ ಕೋಳಿಗಾಗಿ ಕರೆಂಟ್ ಬಿಲ್ ಏರಿಸಿಕೊಳ್ಳುವುದು ಬೇಡ.

ಈಗ ಮೆತ್ತನೆ ಮೊಟ್ಟೆಯ ವಿಷಯ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು 24-26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಚಿಪ್ಪು ಅಂದರೆ ಬಹುಪಾಲು ಸುಣ್ಣದ ಅಂಶ, ಒಂದು ಮೊಟ್ಟೆಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಕೋಳಿ ಬಾಯಿ ತೆರೆದು ತೇಕುತ್ತದೆ ನೋಡಿ. ಹಾಗೆ ತೇಕುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ, ಚಿಪ್ಪು ಕಟ್ಟಲು ರಕ್ತದಲ್ಲಿ ಇರಬೇಕಾದ ಬೈಕಾರ್ಬೊನೇಟ್ ಕಡಿಮೆಯಾಗುತ್ತದೆ. ಸೆಕೆಗೆ ಮೇವನ್ನೂ ಸರಿಯಾಗಿ ತಿನ್ನುವುದಿಲ್ಲ. ಚಿಪ್ಪು ತೆಳುವಾಗದೆ ಇನ್ನೇನಾಗುತ್ತದೆ? ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದು. ಮಧ್ಯಾಹ್ನ ನೀರಿನ ಬಟ್ಟಲು ಬಿಸಿಯಾಗಿ ಬಿದ್ದಿದ್ದರೆ ಕೋಳಿ ಮೂಸಿಯೂ ನೋಡುವುದಿಲ್ಲ. ಮಣ್ಣಿನ ಪಾತ್ರೆ ನೆರಳಲ್ಲಿಡಿ, ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ.

ಮೇವಿಗೆ ಬರೋಣ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಹಾಗಾಗಿ ಎಲ್ಲರೂ ಅದನ್ನೇ ಎರಚುತ್ತೇವೆ. ಆದರೆ ಅದರಲ್ಲಿ ಪ್ರೋಟೀನ್ ಶೇ. 8-9 ಮಾತ್ರ, ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಫಾರಂಗಳಲ್ಲಿ ಮೊಟ್ಟೆ ಕೋಳಿಯ ಮೇವಿನಲ್ಲಿ ಶೇ. 16-17 ಪ್ರೋಟೀನ್, ಶೇ. 3.5-4 ಕ್ಯಾಲ್ಸಿಯಂ ಇರುತ್ತದೆ. ಮೇಯುವ ಕೋಳಿ ಹುಳ, ಗೆದ್ದಲು, ಸೊಪ್ಪು ತಿಂದು ಸ್ವಲ್ಪ ಸರಿದೂಗಿಸಿಕೊಳ್ಳುತ್ತದೆ. ಕಾಂಪೌಂಡ್ ಒಳಗೇ ಇರುವ ನಿಮ್ಮ ಕೋಳಿಗೆ ಅದೂ ಇಲ್ಲ. ಜೋಳದ ಜೊತೆ ಸ್ವಲ್ಪ ಶೇಂಗಾ ಹಿಂಡಿ, ತೌಡು, ಸೊಪ್ಪು ಕೊಡಿ. ಕಪ್ಪೆಚಿಪ್ಪಿನ ಪುಡಿ, ಇಲ್ಲವೇ ತೊಳೆದು ಒಣಗಿಸಿ ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನು ಬೇರೆ ತಟ್ಟೆಯಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಸಂಜೆ ಸಿಕ್ಕರೆ ಒಳ್ಳೆಯದು, ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ. ಎಲೆಗೆ ಹಚ್ಚುವ ಸುಣ್ಣವನ್ನು ಮಾತ್ರ ಹಾಕಬೇಡಿ, ಬಾಯಿ ಗಂಟಲು ಸುಡುತ್ತದೆ.

ಇನ್ನೊಂದು ಮಾತು, ಇದಕ್ಕೆ ನನಗೆ ಸ್ವಲ್ಪ ಸಿಟ್ಟೂ ಇದೆ. ಒಕ್ಕಣೆ ಹೊತ್ತಿಗೆ ಮಳೆಗೆ ಸಿಕ್ಕಿ ಕಪ್ಪಾದ, ಬೂಷ್ಟು ಹಿಡಿದ ಜೋಳವನ್ನು ‘ಕೋಳಿಗಾಗುತ್ತೆ ಬಿಡು’ ಅಂತ ಎತ್ತಿಡುತ್ತಾರೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಕೋಳಿಯ ಲಿವರ್‌ಗೆ ಹೊಡೆಯುತ್ತದೆ. ಹಳದಿ ಭಂಡಾರದ ಸಾಮಗ್ರಿ ತಯಾರಾಗುವುದು ಲಿವರ್‌ನಲ್ಲೇ ಆದ್ದರಿಂದ ಮೊಟ್ಟೆ ನಿಧಾನವಾಗಿ ಇಳಿಯುತ್ತದೆ. ವಿಷ ಸ್ವಲ್ಪವೇ ಇದ್ದರೆ ಕೋಳಿ ಸಾಯದೆ ಸುಮ್ನೆ ಮಂಕಾಗಿ ಓಡಾಡುತ್ತಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಒಣಗಿಸಿದರೂ ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಹಳೇ ಶೇಂಗಾ ಹಿಂಡಿಗೂ ಇದೇ ಮಾತು. ನಿಮ್ಮ ಚೀಲಕ್ಕೆ ಕೈ ಹಾಕಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ.

ರಾತ್ರಿ ಟಾರ್ಚ್ ಹಿಡಿದು ರೆಕ್ಕೆ ಕೆಳಗೆ, ಗೂಡಿನ ಸಂದಿಯಲ್ಲಿ ಹೇನು, ಉಣ್ಣೆ ಇದೆಯಾ ನೋಡಿ. ರಕ್ತ ಹೀರುವ ಉಣ್ಣೆ ಜಾಸ್ತಿಯಾದರೆ ಜುಟ್ಟು ಬಿಳಚಿಕೊಂಡು ಮೊಟ್ಟೆ ನಿಲ್ಲುತ್ತದೆ.

ಹೆದರಬೇಕಾದದ್ದು ಯಾವಾಗ? ಎಲ್ಲ ಕೋಳಿಗಳೂ ಒಟ್ಟಿಗೆ, ದಿಢೀರ್ ಅಂತ ನಿಲ್ಲಿಸಿದಾಗ. ಜೊತೆಗೆ ಹಸಿರು ಭೇದಿ, ಗೊರ್‌ಗೊರ್ ಉಸಿರು, ಕತ್ತು ತಿರುಚುವುದು ಕಂಡರೆ ರಾಣಿಖೇತ್ ಇರಬಹುದು, ಅಂದರೆ ಕೊಕ್ಕರೆ ರೋಗ. ಬಂದ ಮೇಲೆ ಔಷಧಿ ಇಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಚಿಪ್ಪು ಸುಕ್ಕುಗಟ್ಟಿ, ಒಡೆದರೆ ಬಿಳಿ ಭಾಗ ನೀರಿನಂತೆ ಹರಿದರೆ, ಕೋಳಿ ಸೀನುತ್ತಿದ್ದರೆ, ಅದು ಶ್ವಾಸನಾಳದ ಸೋಂಕಿನ ಗುರುತು. ಒಂದೇ ಕೋಳಿ ಬಾಲ ತಗ್ಗಿಸಿ, ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಲ್ಲಿ ಹೊಟ್ಟೆ ಮುಳುಗುವಂತೆ ಕಾಲು ಗಂಟೆ ಕೂರಿಸಿ. ಆಗಲೂ ಬರದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ನೀವೇ ಒತ್ತಿ ತೆಗೆಯಲು ಹೋಗಬೇಡಿ. ಕೋಳಿಗಳು ಸಾಲಾಗಿ ಸಾಯತೊಡಗಿದರೆ ಕೊಯ್ಯುವುದು, ಸಂತೆಗೆ ಒಯ್ಯುವುದು ಬೇಡವೇ ಬೇಡ. ಪಶು ಆಸ್ಪತ್ರೆಗೆ ಹೇಳಿ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ನಿಮ್ಮ ಕೋಳಿಗಳು ಚೆನ್ನಾಗಿ ಕೆದಕಿ ತಿರುಗಾಡುತ್ತಿವೆ, ಹಿಕ್ಕೆ ಗಟ್ಟಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ನನ್ನ ಅನುಮಾನ ಬಿಸಿಲು ಮತ್ತು ಬರೀ ಜೋಳದ ಮೇಲೆ. ಟಾನಿಕ್ ದುಡ್ಡಲ್ಲಿ ಚಿಪ್ಪಿನ ಪುಡಿ ತನ್ನಿ. ಅಂಗಡಿಯವನು ಆ್ಯಂಟಿಬಯಾಟಿಕ್ ಪೊಟ್ಟಣ ಕೊಟ್ಟರೆ ಸುಮ್ನೆ ನೀರಿಗೆ ಕಲಸಬೇಡಿ, ಅದು ಮೊಟ್ಟೆಯಲ್ಲೂ ಇಳಿಯುತ್ತದೆ. ಎರಡು ಮೂರು ವಾರ ನೋಡಿ. ಅಷ್ಟರಲ್ಲಿ ಚಿಪ್ಪು ಗಟ್ಟಿಯಾಗದಿದ್ದರೆ ಒಂದು ಮೊಟ್ಟೆ, ಸ್ವಲ್ಪ ಹಿಕ್ಕೆ, ಒಂದು ಹಿಡಿ ಜೋಳ, ಮೂರನ್ನೂ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿ.